ಐವತ್ತು ದಾಟಿದ ಕಣ್ಣು, ಮಬ್ಬು ಬೆಳಕು: ಪಿಸ್ತೂಲಿಗೆ ಯಾವ ಸೈಟ್ ಒಳ್ಳೆಯದು?

ಪ್ರಶ್ನೆ: ನನಗೆ 54 ವರ್ಷ. ಊರು ಧಾರವಾಡ, ಉದ್ಯೋಗಕ್ಕೆಂದು ಬಂದು ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿದ್ದೇನೆ. ಕೆಲವು ವರ್ಷಗಳಿಂದ ಕಚೇರಿ ಮುಗಿಸಿ ಸಂಜೆ ಹೊತ್ತು ಬಡಾವಣೆಯ ಒಂದು ಕ್ಲಬ್ಬಿನಲ್ಲಿ 10 ಮೀಟರ್ ಏರ್ ಪಿಸ್ತೂಲು ಅಭ್ಯಾಸ ಮಾಡುತ್ತಿದ್ದೇನೆ. ಹಿರಿಯ ವಯಸ್ಸಿನವರ ಮಾಸ್ಟರ್ಸ್ ಸ್ಪರ್ಧೆಗಳಲ್ಲಿ ಭಾಗವಹಿಸಬೇಕೆಂಬ ಆಸೆಯೂ ಇದೆ. ಈಚೆಗೆ ಫ್ರಂಟ್ ಸೈಟ್, ಅಂದರೆ ಗುರಿಯಿಡಲು ನಳಿಗೆಯ ತುದಿಯಲ್ಲಿರುವ ಪಟ್ಟಿ, ಮಸುಕಾಗಿ ಕಾಣುತ್ತಿದೆ. ಮಳೆಗಾಲದ ಸಂಜೆಗಳಲ್ಲಂತೂ ಕಾಣುವುದೇ ಕಷ್ಟ. ಪ್ರೊಗ್ರೆಸಿವ್ ಕನ್ನಡಕ ಧರಿಸುತ್ತೇನೆ: ದೂರಕ್ಕೆ −1.00, ಓದಲು ಅದರ ಮೇಲೆ +2.00. ಒಬ್ಬ ಗೆಳೆಯರು ಸುತ್ತಲಿನ ಬೆಳಕಿನಿಂದ ತುದಿ ಹೊಳೆಯುವ ಫೈಬರ್ ಆಪ್ಟಿಕ್ ಸೈಟ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಎನ್ನುತ್ತಾರೆ, ಮತ್ತೊಬ್ಬರು ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಎನ್ನುತ್ತಾರೆ. ಇದಲ್ಲದೆ ನನ್ನ ಹೆಸರಿನ ಪರವಾನಗಿಯಲ್ಲಿರುವ, ತಂದೆಯವರ ಕಾಲದ .32 ರಿವಾಲ್ವರ್ ಒಂದಿದೆ. ಅದರ ಕಪ್ಪು ಸೈಟ್ ಸಂಜೆಯ ಹೊತ್ತಿಗೆ ಮಾಯವೇ ಆಗಿಬಿಡುತ್ತದೆ. ಯಾವುದನ್ನು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಸೈಟ್‌ಗಳ ವಿಚಾರ ಹೆಚ್ಚು, ಕನ್ನಡಕದ ವಿಚಾರ ಒಂದೇ ಸಾಲು. ನನ್ನ ಉತ್ತರದಲ್ಲಿ ಅದು ತಿರುಗುಮುರುಗಾಗಲಿದೆ. ಮುಂಬೈಯಲ್ಲಿ ಕಣ್ಣಿನ ತಪಾಸಣೆ ನನ್ನ ವೃತ್ತಿ. ಶೂಟರ್‌ಗಳ ಕನ್ನಡಕ ನಾನು ವಿಶೇಷ ಆಸ್ಥೆಯಿಂದ ಮಾಡಿಕೊಂಡು ಬಂದಿರುವ ಕೆಲಸ. ಐವತ್ತರ ಆಸುಪಾಸಿನಲ್ಲಿ ನನ್ನ ಬಳಿ ಬರುವ ಪಿಸ್ತೂಲು ಶೂಟರ್‌ಗಳಲ್ಲಿ ಬಹುಪಾಲು ಜನರ ತೊಂದರೆ ಪಿಸ್ತೂಲಿನ ಮೇಲೆ ಇರುವುದಿಲ್ಲ, ಮೂಗಿನ ಮೇಲೆ ಇರುತ್ತದೆ. ಮೊದಲು ಮಸೂರ, ಆಮೇಲೆ ಬೆಳಕು, ಕಡೆಗೆ ಸೈಟ್. ಈ ಕ್ರಮವನ್ನು ತಪ್ಪಿಸಿದವರು ಸಾಮಾನು ಕೊಳ್ಳುತ್ತಲೇ ಇರುತ್ತಾರೆ, ಮಸುಕು ಹಾಗೆಯೇ ಉಳಿದಿರುತ್ತದೆ.

ನಿಯಮದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಿಂದಲೇ ಅರ್ಧ ಪ್ರಶ್ನೆ ಬಗೆಹರಿಯುತ್ತದೆ. ಏರ್ ಪಿಸ್ತೂಲು ಸ್ಪರ್ಧೆಗಳಿಗೆ ಆಧಾರ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ ನಿಯಮಗಳು. ಅವುಗಳ ಪ್ರಕಾರ ಪಿಸ್ತೂಲಿನ ಮೇಲೆ ತೆರೆದ ಸೈಟ್ (ಮಸೂರ, ಗಾಜು ಏನೂ ಇಲ್ಲದ ಸಾದಾ ಸೈಟ್) ಮಾತ್ರ ಇರಬಹುದು. ಫೈಬರ್ ಆಪ್ಟಿಕ್ ಇರುವಂತಿಲ್ಲ, ಬೆಳಕನ್ನು ಪ್ರತಿಫಲಿಸುವ ಅಥವಾ ಎದ್ದು ಹೊಳೆಯುವ ಬಣ್ಣದ ಸೈಟ್ ಇರುವಂತಿಲ್ಲ, ರೆಡ್ ಡಾಟ್, ಲೇಸರ್, ದುರ್ಬೀನು ಯಾವುದೂ ಇರುವಂತಿಲ್ಲ. ಪಿಸ್ತೂಲಿಗೆ ಮಸೂರ ಜೋಡಿಸುವುದೂ ನಿಷಿದ್ಧ. ಆದರೆ ಶೂಟರ್ ತನ್ನ ಕಣ್ಣಿಗೆ ಬೇಕಾದ ಪವರಿನ ಕನ್ನಡಕ ಧರಿಸುವುದಕ್ಕೆ, ಫಿಲ್ಟರ್ ಹಾಕಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೀಗಾಗಿ ನಿಮ್ಮ ಗೆಳೆಯರು ಸೂಚಿಸಿದ ಮೂರೂ ಸೈಟ್‌ಗಳು ಮಾಸ್ಟರ್ಸ್ ಸ್ಪರ್ಧೆಯ ಉಪಕರಣ ತಪಾಸಣೆಯಲ್ಲೇ ಹೊರಗುಳಿಯುತ್ತವೆ. ಕನ್ನಡಕಕ್ಕೆ ಬಾಗಿಲು ತೆರೆದಿದೆ.

ವಯಸ್ಸಾಯಿತು, ಇನ್ನು ಈ ಆಟ ಸಾಕು ಎಂಬ ಯೋಚನೆ ಬಂದಿದ್ದರೆ ಅದನ್ನೂ ಬಿಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದ ಮಿಶ್ರ ತಂಡ ಏರ್ ಪಿಸ್ತೂಲು ಸ್ಪರ್ಧೆಯಲ್ಲೇ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರಿಗೆ ಆಗ 51 ವರ್ಷ. ಸಾಮಾನ್ಯ ಕನ್ನಡಕ, ಒಂದು ಕೈ ಜೇಬಿನಲ್ಲಿ, ಎರಡೂ ಕಣ್ಣು ತೆರೆದು ನಿಂತಿದ್ದ ಅವರ ಚಿತ್ರವನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಅವರು ಏನನ್ನೂ ಬಳಸದೆ ಗೆದ್ದರು ಎಂದು ಜನ ಮೆಚ್ಚಿಕೊಂಡರು. ಮೂಗಿನ ಮೇಲೆ ಕನ್ನಡಕ ಇದ್ದುದನ್ನು ಗಮನಿಸಿದವರು ಕಡಿಮೆ. ಜಾರ್ಜಿಯಾದ ನಿನೊ ಸಲುಕ್ವಾಡ್ಜೆ ಅದೇ ಪ್ಯಾರಿಸ್‌ನಲ್ಲಿ, 55ರ ವಯಸ್ಸಿನಲ್ಲಿ, ಪಿಸ್ತೂಲು ಹಿಡಿದು ತಮ್ಮ ಹತ್ತನೇ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡರು.

ಈಗ ಕಣ್ಣಿನ ವಿಚಾರ. ಹರೆಯದಲ್ಲಿ ಕಣ್ಣೊಳಗಿನ ಮಸೂರ ಮೆತ್ತಗಿದ್ದು, ಹತ್ತಿರದ್ದನ್ನು ನೋಡುವಾಗ ತಾನಾಗಿ ಉಬ್ಬುತ್ತದೆ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ. ನಲವತ್ತರ ನಂತರ ಚಾಳೀಸು ಬರುವುದು ಇದರಿಂದಲೇ. ಅದರ ಜೊತೆಗೆ ಇನ್ನೂ ಎರಡು ಬದಲಾವಣೆಗಳು ಸದ್ದಿಲ್ಲದೆ ನಡೆದಿರುತ್ತವೆ. ಮಬ್ಬಿನಲ್ಲಿ ಅಗಲವಾಗಬೇಕಾದ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಮಸೂರ ಹಳದಿಗೆ ತಿರುಗಿ ಬೆಳಕನ್ನು ತಡೆಯತೊಡಗುತ್ತದೆ. ಇವೆರಡೂ ಸೇರಿ, ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಕ್ಕದ ಲೇನಿನ ಹುಡುಗನಿಗೆ ಸಾಕಾಗುವ ದೀಪ ನಿಮಗೆ ಸಾಲದಿರುವುದು ಇದಕ್ಕೇ. ಅದು ಅಭ್ಯಾಸದ ಕೊರತೆಯಲ್ಲ.

ಫ್ರಂಟ್ ಸೈಟ್ ಅಷ್ಟೊಂದು ಸ್ಪಷ್ಟವಾಗಿ ಏಕೆ ಕಾಣಬೇಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಏರ್ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 32 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಮುಂದಿನ ಸೈಟಿನ ನೆಟ್ಟಗಿನ ಪಟ್ಟಿಯೇ ಬ್ಲೇಡ್, ಹಿಂದಿನ ಸೈಟಿನ ಕಚ್ಚೇ ನಾಚು; ಆ ಕಚ್ಚಿನ ನಡುವೆ ಬ್ಲೇಡನ್ನು ಕೂಡಿಸಿ ಗುರಿಯಿಡುತ್ತೇವೆ. ಮುಂದಿನ ಬ್ಲೇಡ್ ನಾಚಿನ ನಡುವಿನಿಂದ 1 ಮಿ.ಮೀ. ಸರಿದರೆ 10 ಮೀಟರ್ ಆಚೆ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) 31 ಮಿ.ಮೀ. ಸರಿಯುತ್ತದೆ. ಟಾರ್ಗೆಟ್‌ನ ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿ.ಮೀ.; ಹತ್ತಾಗಬೇಕಿದ್ದ ಗುಂಡು ಏಳಕ್ಕೆ ಬೀಳುತ್ತದೆ. ಇದಕ್ಕೆ ಬದಲಾಗಿ, ಸೈಟ್‌ಗಳೆರಡೂ ಸರಿಯಾಗಿ ಕೂಡಿದ್ದು ಇಡೀ ಕೈ 1 ಸೆಂ.ಮೀ. ಅತ್ತಿತ್ತ ಓಲಾಡಿದರೆ ಪೆಲೆಟ್ ಕೂಡ ಅಷ್ಟೇ ಸರಿಯುತ್ತದೆ, ಒಂಬತ್ತು ಕೈತಪ್ಪುವುದಿಲ್ಲ. ಟಾರ್ಗೆಟ್ ಸ್ವಲ್ಪ ಮಸುಕಾದರೆ ನಷ್ಟ ಅಲ್ಪ, ಫ್ರಂಟ್ ಸೈಟ್ ಮಸುಕಾದರೆ ಅಂಕಪಟ್ಟಿಯೇ ಕುಸಿಯುತ್ತದೆ. ಟಾರ್ಗೆಟ್‌ನ ನಡುವಿನ ಕಪ್ಪು ಮಸುಕಾಗಿರಲಿ, ಬ್ಲೇಡ್ ಚೂಪಾಗಿ ಕಾಣಲಿ ಎಂದು ತರಬೇತುದಾರರು ಪ್ರತಿ ದಿನ ಹೇಳುವುದು ಈ ಲೆಕ್ಕವನ್ನೇ.

ಹಾಗಾದರೆ ಮಸೂರದ ಪವರ್ ಎಷ್ಟಿರಬೇಕು? ಮೀಟರ್‌ನಲ್ಲಿ ಅಳೆದ ದೂರದಿಂದ ಒಂದನ್ನು ಭಾಗಿಸಿದರೆ ಡಯಾಪ್ಟರ್ ಸಿಗುತ್ತದೆ. ಚಾಚಿದ ಕೈಯಲ್ಲಿ ಫ್ರಂಟ್ ಸೈಟ್ ಕಣ್ಣಿನಿಂದ ಹೆಚ್ಚುಕಡಿಮೆ 1 ಮೀಟರ್ ದೂರ, ಅಲ್ಲಿಗೆ 1.00. ಟಾರ್ಗೆಟ್ 10 ಮೀಟರ್, ಅಲ್ಲಿಗೆ 0.10. ಇವೆರಡರ ನಡುಮಧ್ಯ 0.55. ಅಂದರೆ ದೂರದ ಪವರ್‌ಗೆ +0.50 ಸೇರಿಸಿದರೆ ಎರಡೂ ಸಮಾನವಾಗಿ ಮಸುಕಾಗಿರುತ್ತವೆ. ನಮಗೆ ಬೇಕಾದದ್ದು ಸಮಾನತೆಯಲ್ಲ, ಬ್ಲೇಡ್‌ನ ಕಡೆಗೆ ವಾಲಿದ ನೋಟ. ಆದ್ದರಿಂದ ನಿಮ್ಮ ವಯಸ್ಸಿನ ಪಿಸ್ತೂಲು ಶೂಟರ್‌ಗೆ ನಾನು ಸಾಮಾನ್ಯವಾಗಿ +0.75ರಿಂದ ಆರಂಭಿಸುತ್ತೇನೆ. ನಿಮ್ಮ ದೂರದ ಪವರ್ −1.00; ಅದಕ್ಕೆ +0.75 ಸೇರಿದರೆ −0.25. ಅಷ್ಟೇ ಪವರಿನ, ಒಂದೇ ದೃಷ್ಟಿಯ ಮಸೂರ ನಿಮಗೆ ಬೇಕು. ಓದುವ +2.00 ಕಣ್ಣನ್ನು 50 ಸೆಂ.ಮೀ. ದೂರಕ್ಕೆ ಕಟ್ಟಿಹಾಕುತ್ತದೆ, ಪಿಸ್ತೂಲಿಗೆ ಅದು ಉಪಯೋಗವಿಲ್ಲ.

ಇದನ್ನು ಪರೀಕ್ಷಿಸಲು ಖರ್ಚೇನೂ ಇಲ್ಲ. ನಾಳೆ ರೇಂಜಿನಲ್ಲಿ ಪೆಲೆಟ್ ಹಾಕದೆ, ಕನ್ನಡಕ ತೆಗೆದು ಪಿಸ್ತೂಲು ಎತ್ತಿ ನೋಡಿ. −1.00 ಇರುವ ಕಣ್ಣು ಕನ್ನಡಕವಿಲ್ಲದೆ 1 ಮೀಟರ್ ದೂರವನ್ನು ಸ್ಪಷ್ಟವಾಗಿ ಕಾಣುತ್ತದೆ. ಬ್ಲೇಡ್‌ನ ಅಂಚು ಇದ್ದಕ್ಕಿದ್ದಂತೆ ಚೂಪಾಯಿತೆಂದರೆ ನಿಮ್ಮ ರೋಗನಿರ್ಣಯ ಅಲ್ಲೇ ಮುಗಿಯಿತು. ಟಾರ್ಗೆಟ್ ಆಗ ಹೆಚ್ಚೇ ಮಸುಕಾಗಿರುತ್ತದೆ, ಅದನ್ನು −0.25 ಸರಿದೂಗಿಸುತ್ತದೆ. ಆದರೆ ನಿಜವಾದ ಅಭ್ಯಾಸ ಬರಿಗಣ್ಣಿನಲ್ಲಿ ಬೇಡ, ಪೆಲೆಟ್ ಚೂರು ಪುಟಿಯುವ ಅಪಾಯ ಯಾವಾಗಲೂ ಇದೆ.

ಪ್ರೊಗ್ರೆಸಿವ್ ಕನ್ನಡಕದ ಕಷ್ಟ ಬೇರೆ ಬಗೆಯದು. 1 ಮೀಟರ್‌ಗೆ ಬೇಕಾದ ಪವರ್ ಆ ಮಸೂರದಲ್ಲೂ ಇದೆ, ಆದರೆ ನಡುವಿನ ಒಂದು ಇಕ್ಕಟ್ಟಾದ ಪಟ್ಟಿಯಲ್ಲಿ. ಪಿಸ್ತೂಲು ಹಿಡಿದಾಗ ತಲೆ ಪಕ್ಕಕ್ಕೆ ತಿರುಗಿರುತ್ತದೆ, ಕಣ್ಣು ಮಸೂರದ ಮೂಗಿನ ಕಡೆಯ ಮೂಲೆಯಿಂದ ನೋಡುತ್ತಿರುತ್ತದೆ. ಆ ಮೂಲೆಯಲ್ಲಿ ಪ್ರೊಗ್ರೆಸಿವ್ ಮಸೂರದ ನೋಟ ಅತ್ಯಂತ ಕೆಟ್ಟದು. ಗದ್ದ ಎತ್ತಿ ಇಳಿಸಿ ಸರಿಯಾದ ಜಾಗ ಹುಡುಕುವಷ್ಟರಲ್ಲಿ ಕುತ್ತಿಗೆ ಬಿಗಿದಿರುತ್ತದೆ. 60 ಗುಂಡು, 75 ನಿಮಿಷದ ಸ್ಪರ್ಧೆಯಲ್ಲಿ ಇದು ನಡೆಯುವ ಮಾತಲ್ಲ.

ಕನ್ನಡಕದ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನೀವು ನಿಮ್ಮ ಸಹಜ ಭಂಗಿಯಲ್ಲಿ ಖಾಲಿ ಪಿಸ್ತೂಲು ಹಿಡಿದು ನಿಂತಾಗ, ಜೊತೆಗಾರರೊಬ್ಬರು ಪಕ್ಕದಲ್ಲಿ ನಿಂತು ದರ್ಜಿಯ ಟೇಪಿನಿಂದ ಕಣ್ಣಿನ ಹೊರತುದಿಯಿಂದ ಫ್ರಂಟ್ ಸೈಟ್‌ವರೆಗಿನ ದೂರ ಅಳೆಯಲಿ. ನಿಮ್ಮ ತಲೆ ಎಷ್ಟು ತಿರುಗಿದೆ ಎಂದು ತೋರಿಸುವ ಒಂದು ಫೋಟೊವನ್ನೂ ಎದುರಿನಿಂದಲ್ಲ, ಹಿಂದಿನಿಂದ, ಮೇಲಿನಿಂದ ತೆಗೆಯಲಿ. ಅಂಗಡಿಗೆ ಪಿಸ್ತೂಲು ಕೊಂಡೊಯ್ಯಬೇಡಿ. ಏರ್ ಪಿಸ್ತೂಲಾದರೂ ಬಾಜಾರಿನ ಜನರಿಗೆ ಅದು ಪಿಸ್ತೂಲೇ. ಅಳೆದ ದೂರದ ಉದ್ದಕ್ಕೆ ಒಂದು ಕೋಲು ಕತ್ತರಿಸಿ, ಅದರ ತುದಿಗೆ 4.5 ಮಿ.ಮೀ. ಅಗಲದ ಕಪ್ಪು ರಟ್ಟಿನ ಪಟ್ಟಿ ಅಂಟಿಸಿ ಒಯ್ಯಿರಿ. ತಪಾಸಕರು ಪರೀಕ್ಷಾ ಚೌಕಟ್ಟಿನಲ್ಲಿ +0.50, +0.75, +1.00 ಒಂದೊಂದಾಗಿ ಹಾಕುತ್ತಾ ಹೋದಾಗ ಆ ಪಟ್ಟಿಯ ಮೇಲಂಚನ್ನು ನೋಡಿ. ಅಂಚು ಚೂಪಾಗಿದ್ದು ದೂರದ ಅಕ್ಷರ ತೀರಾ ಕರಗದ ಮಸೂರವೇ ನಿಮ್ಮದು. ಕೋಣೆಯ ದೀಪ ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ನೋಡುವಂತೆ ಕೇಳಿಕೊಳ್ಳಿ. ಪಾಪೆ ಅಗಲವಾದಾಗ, ಹಗಲಿನಲ್ಲಿ ಲೆಕ್ಕಕ್ಕೆ ಬಾರದ ಅರ್ಧ ಪಾಯಿಂಟ್ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿರುವ ದೋಷ) ಕೂಡ ಬ್ಲೇಡ್‌ಗೆ ನೆರಳು ಹುಟ್ಟಿಸುತ್ತದೆ. ಸಂಜೆಯ ತೊಂದರೆಯನ್ನು ಬೆಳಗಿನ ಬೆಳಕಿನಲ್ಲಿ ಪರೀಕ್ಷಿಸಿದರೆ ಉತ್ತರ ಸಿಗುವುದಿಲ್ಲ. ಮಸೂರ ಪಾಲಿಕಾರ್ಬೊನೇಟ್ ಆಗಿರಲಿ, ಮೇಲೆ ಪ್ರತಿಫಲನ ತಡೆಯುವ ಲೇಪನವಿರಲಿ.

ಬೆಳಕಿನ ಮಾತಿಗೆ ಬರೋಣ. 10 ಮೀಟರ್ ಒಳಾಂಗಣ ರೇಂಜಿನಲ್ಲಿ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್, ಉಳಿದ ಜಾಗದಲ್ಲಿ ಕನಿಷ್ಠ 300 ಲಕ್ಸ್ ಇರಬೇಕೆಂಬುದು ಐಎಸ್‌ಎಸ್‌ಎಫ್ ಮಾನದಂಡ. ಬಡಾವಣೆಯ ಕ್ಲಬ್ಬುಗಳಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ: ಶೂಟರ್‌ಗಳ ತಲೆಯ ಮೇಲೆ ಟ್ಯೂಬ್‌ಲೈಟುಗಳ ಸಾಲು, ಟಾರ್ಗೆಟ್ ಬಳಿ ಧೂಳು ಹಿಡಿದ ಒಂದು ಬಲ್ಬು. ಕಪ್ಪು ಸೈಟ್ ಕಾಣುವುದು ಅದರ ಹಿಂದೆ ಬಿಳಿ ಬೆಳಗಿದಾಗ. ತಲೆಯ ಮೇಲಿನ ದೀಪ ಸೈಟಿನ ಮೇಲೆ ಬಿದ್ದು ಅದನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ, ಎದುರಿನ ಕಾಗದವೂ ಬೂದು, ಎರಡೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಒಂದು ಭಾನುವಾರ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣದ ರೇಂಜಿನಂಥ ದೊಡ್ಡ ಒಳಾಂಗಣ ರೇಂಜಿನಲ್ಲಿ ಅನುಮತಿ ಪಡೆದು ಅದೇ ಕನ್ನಡಕ, ಅದೇ ಪಿಸ್ತೂಲಿನಿಂದ ಶೂಟ್ ಮಾಡಿ ನೋಡಿ. ಅಲ್ಲಿ ಮಸುಕು ಅರ್ಧ ಕಡಿಮೆಯಾದರೆ ನಿಮ್ಮ ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಮಾತಾಡಬೇಕಾದ ವಿಷಯ ನಿಮ್ಮ ಕೈಯಲ್ಲಿದೆ. ಟಾರ್ಗೆಟ್ ಕಡೆಗೆ ತಿರುಗಿಸಿದ, ಶೂಟರ್ ಕಣ್ಣಿಗೆ ನೇರವಾಗಿ ಹೊಡೆಯದಂತೆ ಮರೆಮಾಡಿದ ಎರಡು ಎಲ್‌ಇಡಿ ಫಲಕಗಳು ಎಲ್ಲ ಹಿರಿಯ ಸದಸ್ಯರ ಅಂಕಗಳನ್ನೂ ಏರಿಸುತ್ತವೆ. ಇದಕ್ಕೆ ಸಮನಾದ ಸೈಟ್ ಯಾವ ಅಂಗಡಿಯಲ್ಲೂ ಇಲ್ಲ.

ಕನ್ನಡಕಕ್ಕೆ ಸಿಕ್ಕಿಸುವ ಐರಿಸ್, ಅಂದರೆ ನಡುವೆ ಹಿಗ್ಗಿಸಿ ಕುಗ್ಗಿಸಬಹುದಾದ ರಂಧ್ರವಿರುವ ಬಿಲ್ಲೆಯ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಣ್ಣ ರಂಧ್ರದಿಂದ ನೋಡಿದರೆ ಹತ್ತಿರ ದೂರ ಎರಡೂ ಸ್ಪಷ್ಟವಾಗುತ್ತವೆ, ನಿಜ. ಹಗಲಿನ ತೆರೆದ ರೇಂಜಿನಲ್ಲಿ ಅದು ವರದಾನ. ಆದರೆ ಬೆಳಕು ರಂಧ್ರದ ವ್ಯಾಸದ ವರ್ಗಕ್ಕೆ ಅನುಗುಣ: 3 ಮಿ.ಮೀ. ಇದ್ದದ್ದನ್ನು 1.5ಕ್ಕೆ ಇಳಿಸಿದರೆ ಕಣ್ಣಿಗೆ ಸಿಗುವ ಬೆಳಕು ಕಾಲುಭಾಗ. ಮೊದಲೇ ಬೆಳಕಿನ ಬರದಲ್ಲಿರುವ ಕಣ್ಣಿಗೆ ಸಂಜೆಯ ಮಬ್ಬಿನಲ್ಲಿ ಇದನ್ನು ಹಾಕಿದರೆ ಇದ್ದದ್ದೂ ಹೋಗುತ್ತದೆ. ನಿಮ್ಮ ಕ್ಲಬ್ಬಿನ ದೀಪ ಸರಿಯಾಗುವವರೆಗೆ ಐರಿಸ್ ಬೇಡ. ಹಳದಿ ಫಿಲ್ಟರ್ ಕೂಡ ಬೇಡ. ಅದು ಪ್ರಪಂಚವನ್ನು ಬೆಳಗಿದಂತೆ ತೋರಿಸುತ್ತದೆ, ವಾಸ್ತವದಲ್ಲಿ ಬೆಳಕನ್ನು ಕಳೆಯುತ್ತದೆ. ನಿಮ್ಮ ಸ್ವಂತ ಮಸೂರವೇ ಈಗಾಗಲೇ ಹಳದಿಯಾಗಿದೆ. ಇನ್ನೊಂದು ಕಣ್ಣನ್ನು ಮುಚ್ಚಿ ಹಿಂಡಬೇಡಿ, ಕಪ್ಪು ಪಟ್ಟಿಯನ್ನೂ ಕಟ್ಟಬೇಡಿ. ಎರಡೂ ಪಾಪೆಗಳು ಒಟ್ಟಿಗೇ ಹಿಗ್ಗಿ ಕುಗ್ಗುತ್ತವೆ. ಒಂದು ಕಣ್ಣಿಗೆ ಕತ್ತಲೆ ಕವಿದರೆ ಗುರಿಯಿಡುವ ಕಣ್ಣಿನ ಪಾಪೆಯೂ ಅಗಲವಾಗಿ ಮಸುಕು ಹೆಚ್ಚುತ್ತದೆ. ಬೆಳಕನ್ನು ಒಳಬಿಡುವ ಬಿಳಿ ಪ್ಲಾಸ್ಟಿಕ್ ಪಟ್ಟಿ ಸಾಕು. ನಿಯಮದಂತೆ ಅದರ ಅಗಲ 30 ಮಿ.ಮೀ. ಮೀರಬಾರದು.

ಇಷ್ಟಾದ ಮೇಲೆ ಸೈಟ್. ನಿಮ್ಮದು ಸ್ಪರ್ಧಾ ದರ್ಜೆಯ ಪಿಸ್ತೂಲಾಗಿದ್ದರೆ ಹಿಂದಿನ ನಾಚಿನ ಅಗಲವನ್ನು ಸ್ಕ್ರೂ ತಿರುಗಿಸಿ ಬದಲಿಸಬಹುದು, ಮುಂದಿನ ಬ್ಲೇಡನ್ನೂ ಬೇರೆ ಅಗಲದ್ದಕ್ಕೆ ಬದಲಿಸಬಹುದು. ನಾಚನ್ನು ಅಗಲ ಮಾಡಿ. ಹರೆಯದ ಶೂಟರ್‌ಗಳು ಬ್ಲೇಡ್‌ನ ಎರಡೂ ಬದಿಗೆ ಕೂದಲೆಳೆಯಷ್ಟು ಬೆಳಕು ಬಿಟ್ಟು ಹೆಮ್ಮೆಪಡುತ್ತಾರೆ. ನಿಮ್ಮ ಕಣ್ಣಿಗೆ ಪ್ರತಿ ಬದಿಯಲ್ಲೂ ಬ್ಲೇಡ್‌ನ ಅರ್ಧದಷ್ಟು ಬೆಳಕಿನ ಪಟ್ಟಿ ಬೇಕು. ನಿಖರತೆ ಕಡಿಮೆಯಾದೀತೆಂಬ ಭಯ ಬೇಡ, ಎರಡು ಪಟ್ಟಿಗಳು ಸಮವಾಗಿವೆಯೇ ಎಂದು ತೂಗಿ ನೋಡುವುದರಲ್ಲಿ ಕಣ್ಣು ಬಹಳ ಚುರುಕು, ಪಟ್ಟಿ ಕಾಣಬೇಕಷ್ಟೆ. ಟಾರ್ಗೆಟ್‌ನ ಕಪ್ಪು 59.5 ಮಿ.ಮೀ.; 10 ಮೀಟರ್ ದೂರದಲ್ಲಿ ಅದು 1 ಮೀಟರ್ ದೂರದ 6 ಮಿ.ಮೀ. ವಸ್ತುವಿನಷ್ಟು ಕಾಣುತ್ತದೆ. 4.5ರ ಬ್ಲೇಡ್ ಅದರ ಮುಕ್ಕಾಲು ಭಾಗ. 5.0ರ ಬ್ಲೇಡ್ ಸಿಕ್ಕಿದರೆ ಅದನ್ನೂ ಹಾಕಿ ನೋಡಿ, ದಪ್ಪ ಬ್ಲೇಡ್ ಮಬ್ಬಿನಲ್ಲಿ ಬೇಗ ಸಿಗುತ್ತದೆ. ಕಪ್ಪಿಗೂ ಬ್ಲೇಡಿಗೂ ನಡುವೆ ಧಾರಾಳವಾಗಿ ಬಿಳಿ ಬಿಡಿ. ಅವೆರಡನ್ನು ಮುಟ್ಟಿಸಿ ಗುರಿಯಿಟ್ಟರೆ ಸಂಜೆ ಹೊತ್ತು ಬ್ಲೇಡ್‌ನ ಮೇಲಂಚು ಕಪ್ಪಿನಲ್ಲಿ ಮುಳುಗುತ್ತದೆ, ಗುಂಡು ಮೇಲೆ ಕೆಳಗೆ ಚದುರುತ್ತದೆ.

ಬಳಸಿ ಬಳಸಿ ಸೈಟಿನ ಕಪ್ಪು ಸವೆದು ಹೊಳಪು ಬಂದಿರುತ್ತದೆ. ಅದಕ್ಕೆ ಹಳೆಯ ಕಾಲದ ಮದ್ದೇ ಒಳ್ಳೆಯದು. ಬ್ಲೇಡ್ ಲೋಹದ್ದಾಗಿದ್ದರೆ ಪಿಸ್ತೂಲಿನಿಂದ ಬಿಚ್ಚಿ, ಸ್ಪಿರಿಟ್‌ನಲ್ಲಿ ಒರೆಸಿ, ಚಿಮುಟದಲ್ಲಿ ಹಿಡಿದು ಉರಿಯುವ ಕರ್ಪೂರದ ಮೇಲೆ ಆಡಿಸಿ. ಮನೆಯಲ್ಲಿ ಕಾಡಿಗೆ ಹಿಡಿಯುವುದನ್ನು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಆ ಮಸಿಯಷ್ಟು ಆಳವಾದ, ಹೊಳಪಿಲ್ಲದ ಕಪ್ಪು ಬೇರೊಂದಿಲ್ಲ. ಬೆರಳು ತಾಗಿದರೆ ಅಳಿಸುತ್ತದೆ ಎಂಬುದೊಂದೇ ತೊಡಕು. ಪಿಸ್ತೂಲಿನ ಮೇಲೆ ಇದ್ದ ಹಾಗೆಯೇ ಇದನ್ನು ಮಾಡಬೇಡಿ, ಅದರ ಕೆಳಗೆ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ.

ರಿವಾಲ್ವರ್‌ನ ದಾರಿ ಬೇರೆ. ಅಲ್ಲಿ ಸ್ಪರ್ಧೆಯ ನಿಯಮವಿಲ್ಲ, ಕಾನೂನಿದೆ. 1959ರ ಆಯುಧ ಕಾಯ್ದೆಯಂತೆ ಬಂದೂಕಿನ ದುರಸ್ತಿ, ಮಾರ್ಪಾಡು ಮಾಡುವವರಿಗೂ ಪರವಾನಗಿ ಬೇಕು. ಫ್ರಂಟ್ ಸೈಟ್ ಕೊಯ್ದು ಫೈಬರ್ ಕೂರಿಸುವುದು, ಮೇಲ್ಪಟ್ಟಿಗೆ ತೂತು ಕೊರೆದು ರೆಡ್ ಡಾಟ್ ನಿಲ್ಲಿಸುವುದು ಲೇತ್ ಇಟ್ಟುಕೊಂಡ ಪರಿಚಯದವರ ಕೈಲಿ ಮಾಡಿಸುವ ಕೆಲಸವಲ್ಲ. ತಂದೆಯವರ ಕಾಲದ ರಿವಾಲ್ವರ್‌ಗೆ ಅಂಥ ಶಸ್ತ್ರಚಿಕಿತ್ಸೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಹಚ್ಚಿ. ಮೊದಲು ಖಾಲಿ ಮಾಡಿ, ಸಿಲಿಂಡರ್‌ನ ಪ್ರತಿ ಕೋಣೆಯನ್ನೂ ಬೆಳಕಿಗೆ ಹಿಡಿದು ನೋಡಿ, ಗುಂಡುಗಳನ್ನು ಬೇರೆ ಕಡೆ ಬೀಗ ಹಾಕಿಡಿ. ಫ್ರಂಟ್ ಸೈಟ್‌ನ ನಿಮ್ಮ ಕಡೆಗಿರುವ ಮುಖವನ್ನು ಸ್ಪಿರಿಟ್‌ನಿಂದ ಒರೆಸಿ ಒಂದು ಪದರ ಬಿಳಿ ಎನಾಮೆಲ್ ಹಚ್ಚಿ, ಒಣಗಿದ ಮೇಲೆ ಹಳದಿ ಹಸಿರು ಛಾಯೆಯ ಹೊಳೆಯುವ ಬಣ್ಣ. ಉಗುರಿಗೆ ಹಚ್ಚುವ ಬಣ್ಣವೂ ನಡೆಯುತ್ತದೆ. ಕೆಂಪು ಬೇಡ. ಹಗಲಿನಲ್ಲಿ ಕಣ್ಣು ಅತಿ ಚುರುಕಾಗಿ ಹಿಡಿಯುವುದು 555 ನ್ಯಾನೊಮೀಟರ್ ಆಸುಪಾಸಿನ ಹಳದಿ ಹಸಿರನ್ನು; ಮಬ್ಬು ಕವಿದಂತೆ ಅದು ಇನ್ನಷ್ಟು ಹಸಿರು ನೀಲಿಯ ಕಡೆಗೆ ಸರಿಯುತ್ತದೆ, ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಹಿಂದಿನ ನಾಚನ್ನು ಹಾಗೆಯೇ ಕಪ್ಪಾಗಿ ಬಿಡಿ.

ಮುಂದೆ ಎಂದಾದರೂ ಬೇರೆ ಪಿಸ್ತೂಲು ಕೊಳ್ಳುವ ಸಂದರ್ಭ ಬಂದರೆ ತಿಳಿದಿರಲೆಂದು ಹೇಳುತ್ತೇನೆ. ಫೈಬರ್ ತನ್ನ ಸುತ್ತಲಿನ ಬೆಳಕನ್ನು ಹೀರಿ ತುದಿಯಲ್ಲಿ ತೋರಿಸುತ್ತದೆ, ಬೆಳಕಿಲ್ಲದ ಕಡೆ ಅದೂ ಸತ್ತ ಕಡ್ಡಿ. ಟ್ರಿಟಿಯಂ ತಾನೇ ಬೆಳಗುತ್ತದೆ, ಆದರೆ ಅದು ವಿಕಿರಣಶೀಲ ಅನಿಲ, ಅರ್ಧಾಯುಷ್ಯ 12.3 ವರ್ಷ, ಅಷ್ಟರಲ್ಲಿ ಹೊಳಪು ಅರ್ಧಕ್ಕಿಳಿಯುತ್ತದೆ. ನಮ್ಮ ದೇಶದಲ್ಲಿ ವಿಕಿರಣಶೀಲ ವಸ್ತುಗಳ ಮೇಲೆ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹಿಡಿತವಿದೆ, ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವ ಸಾಮಾನಲ್ಲ. ಹಿಂದೆ ಎರಡು, ಮುಂದೆ ಒಂದು, ಹೀಗೆ ಮೂರು ಚುಕ್ಕೆಗಳೂ ಒಂದೇ ಸಮ ಹೊಳೆಯುವ ಸೈಟ್ ನಮ್ಮ ವಯಸ್ಸಿಗೆ ತೊಡಕೇ, ಹತ್ತಿರದ ಎರಡು ಚುಕ್ಕೆಗಳು ಹಿಗ್ಗಿ ಮುಂದಿನದನ್ನು ನುಂಗುತ್ತವೆ. ಚಾಳೀಸಿನ ಕಣ್ಣಿಗೆ ನಿಜವಾಗಿ ಹೊಂದುವುದು ರೆಡ್ ಡಾಟ್: ಚುಕ್ಕೆ ದೂರದಲ್ಲೇ ಇರುವಂತೆ ಕಾಣುವುದರಿಂದ ದೂರದ ಕನ್ನಡಕವೇ ಸಾಕು, ಮೂರು ವಸ್ತುಗಳನ್ನು ಹೊಂದಿಸುವ ಗೋಜಿಲ್ಲ. ಚುಕ್ಕೆ ದುಂಡಾಗಿ ಕಾಣದೆ ಬಾಲವಿರುವ ಧೂಮಕೇತುವಿನಂತೆ ಚದುರಿದರೆ ಅಂಗಡಿಯವರನ್ನು ದೂರುವ ಮೊದಲು ಮೊಬೈಲಿನಿಂದ ಅದರ ಚಿತ್ರ ತೆಗೆಯಿರಿ. ಚಿತ್ರದಲ್ಲಿ ದುಂಡಗಿದ್ದರೆ ದೋಷ ಕಣ್ಣಿನ ಸಿಲಿಂಡರ್ ಪವರ್‌ನದು. ಮತ್ತು ಯಾವ ಸೈಟೇ ಇರಲಿ, ಎದುರಿರುವುದು ಏನೆಂದು ಗುರುತು ಸಿಗದಷ್ಟು ಕತ್ತಲಲ್ಲಿ ಹೊಳೆಯುವ ಸೈಟ್ ಸಹಾಯಕ್ಕಿಂತ ಅಪಾಯವನ್ನೇ ಹೆಚ್ಚು ಮಾಡುತ್ತದೆ. ಅಲ್ಲಿ ಬೇಕಾದದ್ದು ದೀಪ, ಇಲ್ಲವೇ ಕೈ ಇಳಿಸುವುದು.

ಕಡೆಯದಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕು. −0.25 ಮಸೂರ ಹಾಕಿ, ಬೆಳಕೂ ಚೆನ್ನಾಗಿದ್ದು ಬ್ಲೇಡ್‌ನ ಅಂಚು ಇನ್ನೂ ಒಡೆದಂತೆ ಕಂಡರೆ, ರಾತ್ರಿ ಮುಂಬೈ–ಪುಣೆ ಹೆದ್ದಾರಿಯಲ್ಲಿ ಎದುರಿನ ದೀಪಗಳ ಸುತ್ತ ಬಳೆಗಳು ಕಂಡರೆ, ನೇತ್ರತಜ್ಞರಿಂದ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿ. ಅದು ಪೊರೆಯ ಆರಂಭವಿರಬಹುದು. ಸಕ್ಕರೆ ಕಾಯಿಲೆಯಿದ್ದರೆ ಕನ್ನಡಕ ಮಾಡಿಸುವ ಮೊದಲು ಸಕ್ಕರೆ ಹತೋಟಿಗೆ ಬರಲಿ, ಏರಿಳಿತದೊಂದಿಗೆ ಪವರ್ ಕೂಡ ಬದಲಾಗುತ್ತದೆ. ಮುಂದೊಮ್ಮೆ ಪೊರೆಯ ಶಸ್ತ್ರಚಿಕಿತ್ಸೆಯ ಮಾತು ಬಂದಾಗ, ನಾನು ಪಿಸ್ತೂಲು ಶೂಟರ್ ಎಂದು ಮೊದಲೇ ಹೇಳಿ. ಆಗ ಕಣ್ಣೊಳಗೆ ಕೂರಿಸುವ ಮಸೂರಗಳಲ್ಲಿ ಮಲ್ಟಿಫೋಕಲ್ ಮಸೂರ ಒಳಬರುವ ಬೆಳಕನ್ನು ಹತ್ತಿರ ದೂರಗಳಿಗೆ ಹಂಚುತ್ತದೆ, ಮಬ್ಬಿನಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸ ತಗ್ಗುತ್ತದೆ. ನನ್ನ ಶಿಫಾರಸು ಸರಳವಾದ ಒಂದೇ ದೃಷ್ಟಿಯ ಮಸೂರ. ಅದು ದೂರಕ್ಕೆ ಕೂತರೆ, ರೇಂಜಿನ ಕನ್ನಡಕದಲ್ಲಿ +0.75 ಹಾಕಿದರಾಯಿತು.

ಟೇಪಿನಿಂದ ಅಳೆದ ದೂರ ಮತ್ತು ಸಿಲಿಂಡರ್ ಪವರ್ ಸಹಿತ ನಿಮ್ಮ ಹೊಸ ಕಣ್ಣಿನ ಚೀಟಿ, ಇವೆರಡನ್ನು ಕಳುಹಿಸಿ. ದೂರ 90 ಸೆಂ.ಮೀ.ಗಿಂತ ಕಡಿಮೆ ಬಂದರೆ +0.75ರ ಬದಲು +1.00ವನ್ನೂ ಪರೀಕ್ಷಿಸಿ ನೋಡಿದ ಮೇಲೆಯೇ ಮಸೂರ ಕೊಯ್ಯಲು ಕೊಡಿ.